ಅಬುಧಾಬಿಯಿಂದ ಬಜ್ಪೆಗೆ ಚಿನ್ನ: ಯಾರ ಕೈಯಲ್ಲಿ ಎಷ್ಟು?

ಪ್ರಶ್ನೆ: ನಾವು ಉಡುಪಿಯವರು, ಈಗ ಅಬುಧಾಬಿಯಲ್ಲಿದ್ದೇವೆ. ನಾನು ಇಲ್ಲಿಗೆ ಬಂದು 14 ತಿಂಗಳಾಯಿತು, ನಡುವೆ ಊರಿಗೆ ಹೋಗಿಲ್ಲ. ನನ್ನ ಗಂಡ 25 ದಿನದ ರಜೆ ಮುಗಿಸಿ ಊರಿನಿಂದ ವಾಪಸಾಗಿ 7 ತಿಂಗಳಾಯಿತು. ಅತ್ತೆ ವಿಸಿಟ್ ವೀಸಾದಲ್ಲಿ 2 ತಿಂಗಳಿನಿಂದ ನಮ್ಮ ಜೊತೆಗಿದ್ದಾರೆ. ಕುಂದಾಪುರದಲ್ಲಿ ನನ್ನ ತಂಗಿಯ ಮದುವೆ. ಅದಕ್ಕಾಗಿ 20 ಪವನ್ ಒಡವೆ (ಒಂದು ಪವನ್ ಎಂದರೆ 8 ಗ್ರಾಂ; ಈ ಒಡವೆಯಲ್ಲಿ 3 ಪವನ್‌ನ ಒಂದು ಕಲ್ಲಿನ ನೆಕ್ಲೆಸ್), 100 ಗ್ರಾಂನ ಒಂದು ಚಿನ್ನದ ಬಿಸ್ಕೆಟ್, 55 ಇಂಚಿನ ಟಿವಿ, ಮದುಮಗನಿಗೊಂದು ಹೊಸ ಫೋನ್ ತರಬೇಕೆಂದಿದ್ದೇವೆ. ನಾನು ಮತ್ತು ಅತ್ತೆ ನೇರ ಮಂಗಳೂರಿಗೆ (ಬಜ್ಪೆ ವಿಮಾನ ನಿಲ್ದಾಣಕ್ಕೆ) ಬರುತ್ತೇವೆ, ಗಂಡ ಮುಂಬೈ ಮೂಲಕ. ‘ಮೂವರಿಗೂ ಸಮನಾಗಿ ಹಂಚಿ ಮೈಮೇಲೆ ಹಾಕಿಕೊಂಡು ಗ್ರೀನ್ ಚಾನೆಲ್‌ನಲ್ಲಿ ಬಂದುಬಿಡಿ, ಯಾರೂ ಕೇಳುವುದಿಲ್ಲ’ ಎಂದು ಪರಿಚಯದವರು ಹೇಳುತ್ತಾರೆ. ಊರಿನಿಂದ ಹಾಕಿಕೊಂಡು ಹೋದ ಹಳೆಯ ಕರಿಮಣಿ, ಬಳೆಗಳಿಗೂ ಡ್ಯೂಟಿ ಬೀಳುತ್ತದೆಯೇ?

ಉತ್ತರ: ಒಡವೆ ಪೂರ್ತಿ ನಿಮ್ಮ ಕೈಯಲ್ಲಿರಲಿ. ಬಿಸ್ಕೆಟ್ ಗಂಡನ ಕೈಯಲ್ಲಿರಲಿ. ಅತ್ತೆಯ ಕೈಯಲ್ಲಿ ಹೊಸ ಚಿನ್ನ ಒಂದು ಗ್ರಾಂ ಕೂಡ ಬೇಡ. ಟಿವಿಯ ಆಸೆ ಬಿಡಿ. ನೀವೂ ನಿಮ್ಮ ಗಂಡನೂ ಸುಂಕದ ಸರಕು ಇರುವವರು ಹೋಗುವ ರೆಡ್ ಚಾನೆಲ್‌ಗೆ ಹೋಗಿ ಬರೆಸಿ, ಡ್ಯೂಟಿ ಕಟ್ಟಿ ಹೊರಗೆ ಬನ್ನಿ.

ಪರಿಚಯದವರು ಹೇಳಿದ್ದರಲ್ಲಿ ಸುಂಕದ ಸರಕು ಇಲ್ಲದವರು ಹೋಗುವ ಗ್ರೀನ್ ಚಾನೆಲ್‌ನ ಮಾತು ಅಪಾಯಕಾರಿ ಎಂದು ನಿಮಗೇ ಗೊತ್ತಿದೆ. ಅದಕ್ಕಿಂತ ಹೆಚ್ಚು ಜನ ಎಡವುವುದು ‘ಸಮನಾಗಿ ಹಂಚಿ’ ಎನ್ನುವಲ್ಲಿ. ಕಾನೂನು ಚಿನ್ನದ ಜೊತೆಗೆ ಅದನ್ನು ತರುವವರನ್ನೂ ನೋಡುತ್ತದೆ. ಯಾರು ಎಷ್ಟು ಕಾಲ ಹೊರಗಿದ್ದರು ಎಂಬುದರ ಮೇಲೆ ಒಂದೇ ಬಳೆಗೆ ಸೊನ್ನೆ ಡ್ಯೂಟಿಯೂ ಆಗಬಹುದು, 38.5 ಶೇಕಡಾವೂ ಆಗಬಹುದು.

ಇಲ್ಲಿ ಎರಡು ಅವಧಿಗಳಿವೆ. ಗಲ್ಫ್‌ನಲ್ಲಿರುವ ನಮ್ಮವರು ಇವೆರಡನ್ನೂ ಕಲಸಿಕೊಂಡು ಮಾತಾಡುವುದರಿಂದಲೇ ಅರ್ಧ ಗೊಂದಲ.

ಮೊದಲನೆಯದು ಒಂದು ವರ್ಷದ್ದು. ವಿದೇಶದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ವಾಸವಿದ್ದು ಬರುವ ಮಹಿಳೆಗೆ 40 ಗ್ರಾಂ, ಉಳಿದವರಿಗೆ 20 ಗ್ರಾಂ ಒಡವೆಗೆ ಸುಂಕವಿಲ್ಲ. ನಮ್ಮ ಲೆಕ್ಕದಲ್ಲಿ 5 ಪವನ್ ಮತ್ತು ಎರಡೂವರೆ ಪವನ್. 2016ರ ಬ್ಯಾಗೇಜ್ ನಿಯಮದಲ್ಲಿ ಈ ತೂಕದ ಜೊತೆಗೆ ಬೆಲೆಯ ಮಿತಿಯೂ ಇತ್ತು: ಮಹಿಳೆಗೆ 1 ಲಕ್ಷ, ಪುರುಷನಿಗೆ 50,000 ರೂಪಾಯಿ. ಚಿನ್ನದ ದರ ಏರಿದಂತೆ ಆ ಮಿತಿ ಹಾಸ್ಯಾಸ್ಪದವಾಯಿತು. ಕಾಗದದ ಮೇಲೆ 40 ಗ್ರಾಂ ಇದ್ದರೂ ಒಂದು ಲಕ್ಷಕ್ಕೆ ಸಿಗುತ್ತಿದ್ದುದು ಅದರ ಕಾಲು ಭಾಗಕ್ಕೂ ಕಡಿಮೆ. 2026ರ ಫೆಬ್ರವರಿ 2ರಿಂದ ಜಾರಿಗೆ ಬಂದ ಹೊಸ ಬ್ಯಾಗೇಜ್ ನಿಯಮದಲ್ಲಿ ಬೆಲೆಯ ಮಿತಿ ತೆಗೆದು ತೂಕವನ್ನಷ್ಟೇ ಉಳಿಸಿದ್ದಾರೆ. ಹಳೆಯ ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ ಇನ್ನೂ ಒಂದು ಲಕ್ಷದ ಮಾತೇ ಓಡಾಡುತ್ತಿದೆ, ಅದನ್ನು ಬಿಟ್ಟುಬಿಡಿ. ನೆನಪಿಡಬೇಕಾದ್ದು ಇಷ್ಟು: ಈ ರಿಯಾಯಿತಿ ಇರುವುದು ಒಡವೆಗೆ ಮಾತ್ರ. ಬಿಸ್ಕೆಟ್, ನಾಣ್ಯ ಇದರೊಳಗೆ ಬರುವುದಿಲ್ಲ. ಮಗುವಿನ ನಾಮಕರಣಕ್ಕೆಂದು ತಂದ 2 ಗ್ರಾಂ ನಾಣ್ಯಕ್ಕೂ ಬಿಟ್ಟಿ ಮಿತಿ ಇಲ್ಲ.

ಎರಡನೆಯದು ಆರು ತಿಂಗಳದ್ದು. ಭಾರತೀಯ ಪಾಸ್‌ಪೋರ್ಟ್ ಇರುವವರು ಅಥವಾ ಭಾರತೀಯ ಮೂಲದವರು ಕನಿಷ್ಠ ಆರು ತಿಂಗಳು ಹೊರಗಿದ್ದು ಬಂದರೆ ಒಂದು ಕಿಲೋವರೆಗೆ ಚಿನ್ನ, 10 ಕಿಲೋವರೆಗೆ ಬೆಳ್ಳಿಯನ್ನು ಕಡಿಮೆ ದರದ ಸುಂಕ ಕಟ್ಟಿ ತರಬಹುದು. ಇದು ಬಿಟ್ಟಿಯಲ್ಲ, ರಿಯಾಯಿತಿ ದರ. 2024ರ ಜುಲೈ 24ರಂದು ಆ ದರವನ್ನು 6 ಶೇಕಡಾಕ್ಕೆ ಇಳಿಸಿದರು: 5 ಮೂಲ ಸುಂಕ, 1 ಕೃಷಿ ಮೂಲಸೌಕರ್ಯ ಸೆಸ್. ಈ ಉತ್ತರದ ಲೆಕ್ಕವೆಲ್ಲ ಆ 6ರ ಮೇಲೆಯೇ ಹಾಕಿದ್ದು. ಆದರೆ ಚಿನ್ನದ ಸುಂಕ ರಾತ್ರೋರಾತ್ರಿ ಬದಲಾಗುವಂಥದ್ದು. 2022ರ ಜುಲೈ ಆರಂಭದಲ್ಲಿ 10.75ರಿಂದ 15ಕ್ಕೆ ಏರಿಸಿದಾಗ ಮುನ್ಸೂಚನೆ ಇರಲಿಲ್ಲ. ಟಿಕೆಟ್ ತೆಗೆದ ದಿನದ ದರವಲ್ಲ, ವಿಮಾನ ಇಳಿದ ದಿನದ ದರ ಲೆಕ್ಕಕ್ಕೆ ಬರುತ್ತದೆ. ಹೊರಡುವ ವಾರ ಒಮ್ಮೆ ಖಚಿತ ಮಾಡಿಕೊಳ್ಳಿ.

ಈ ಆರು ತಿಂಗಳ ಒಳಗೆ ಊರಿಗೆ ಬಂದು ಹೋದರೆ? ಒಟ್ಟು 30 ದಿನದವರೆಗಿನ ಸಣ್ಣ ಭೇಟಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಮನಿಸಿ, ಒಂದೊಂದು ಭೇಟಿಗೆ 30 ದಿನವಲ್ಲ, ಎಲ್ಲಾ ಸೇರಿ 30. ಮತ್ತೆ ಆ ಭೇಟಿಗಳಲ್ಲಿ ಇದೇ ರಿಯಾಯಿತಿ ಬಳಸಿರಬಾರದು. ನಿಮ್ಮ ಗಂಡ ವಾಪಸಾಗಿ 7 ತಿಂಗಳಾದ್ದರಿಂದ ಅವರಿಗೆ ಈ ತಕರಾರೇ ಇಲ್ಲ. ಅವರು 4 ತಿಂಗಳ ಹಿಂದೆ ವಾಪಸಾಗಿದ್ದರೂ ರಜೆ 25 ದಿನದ್ದೇ ಆಗಿದ್ದರಿಂದ ಅರ್ಹರಾಗುತ್ತಿದ್ದರು. ಅದೇ ರಜೆ 40 ದಿನ ಎಳೆದಿದ್ದರೆ ಕೆಲಸ ಕೆಡುತ್ತಿತ್ತು.

ಈ ಎರಡೂ ಇಲ್ಲದವರಿಗೆ ಉಳಿಯುವುದು ಸಾಮಾನ್ಯ ಬ್ಯಾಗೇಜ್ ದರ: 35 ಶೇಕಡಾ, ಅದರ ಮೇಲೆ 10 ಶೇಕಡಾ ಸಮಾಜ ಕಲ್ಯಾಣ ಸರ್‌ಚಾರ್ಜ್, ಒಟ್ಟು 38.5.

ಈಗ ನಿಮ್ಮ ಮನೆಯ ಲೆಕ್ಕ. ಕೂಡಿ ಕಳೆಯಲು ಸುಲಭವಾಗಲಿ ಎಂದು ಗ್ರಾಂಗೆ 10,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಇದು ಮಾರುಕಟ್ಟೆ ದರವಲ್ಲ, ಕಸ್ಟಮ್ಸ್ ದರವೂ ಅಲ್ಲ. ಕಸ್ಟಮ್ಸ್‌ನವರು ರಿಯಾಯಿತಿಯ ಚಿನ್ನಕ್ಕೆ ನಿಮ್ಮ ಬಿಲ್ಲಿನ ಬೆಲೆ ಹಿಡಿಯುವುದಿಲ್ಲ. ಸಾಮಾನ್ಯವಾಗಿ ಹದಿನೈದು ದಿನಕ್ಕೊಮ್ಮೆ ಪ್ರಕಟವಾಗುವ ಟ್ಯಾರಿಫ್ ಮೌಲ್ಯ ಎಂಬುದಿದೆ. ಚಿನ್ನಕ್ಕೆ 10 ಗ್ರಾಂಗೆ ಇಷ್ಟು ಅಮೆರಿಕನ್ ಡಾಲರ್, ಬೆಳ್ಳಿಗೆ ಕಿಲೋಗೆ ಇಷ್ಟು ಡಾಲರ್ ಎಂದು ಅದರಲ್ಲಿರುತ್ತದೆ. ಅದನ್ನು ಕಸ್ಟಮ್ಸ್‌ನ ವಿನಿಮಯ ದರದಲ್ಲಿ ರೂಪಾಯಿಗೆ ತಿರುಗಿಸುತ್ತಾರೆ. ಹಾಗಾಗಿ ಅಂಗಡಿಯವನು ಚೌಕಾಸಿಯಲ್ಲಿ ಬಿಟ್ಟ ಹಣ ಇಲ್ಲಿ ನಿಮಗೆ ಲಾಭ ತರುವುದಿಲ್ಲ.

20 ಪವನ್ ಎಂದರೆ 160 ಗ್ರಾಂ. ನೀವು 14 ತಿಂಗಳು ಹೊರಗಿದ್ದವರು, ಎರಡೂ ಅವಧಿ ದಾಟಿದ್ದೀರಿ. ಎಲ್ಲವನ್ನೂ ನೀವೇ ತಂದರೆ 40 ಗ್ರಾಂ ಬಿಟ್ಟಿ, ಉಳಿದ 120 ಗ್ರಾಂಗೆ 12 ಲಕ್ಷದ ಮೇಲೆ 6 ಶೇಕಡಾ, ಅಂದರೆ 72,000 ರೂಪಾಯಿ.

ಇದರಲ್ಲಿ 5 ಪವನ್ ತೆಗೆದು ಅತ್ತೆಯ ಕೈಗೆ ಹಾಕಿದರೆ ಏನಾಗುತ್ತದೆ ನೋಡಿ. ಅವರು ಹೊರಗಿದ್ದುದು ಎರಡೇ ತಿಂಗಳು. ಆರು ತಿಂಗಳ ರಿಯಾಯಿತಿಯೂ ಇಲ್ಲ, ವರ್ಷದ ಬಿಟ್ಟಿ ಮಿತಿಯೂ ಇಲ್ಲ. 4 ಲಕ್ಷದ ಮೇಲೆ 38.5 ಎಂದರೆ 1,54,000. ಸಾಮಾನಿಗೆಂದು ಒಬ್ಬೊಬ್ಬರಿಗೆ ಸಿಗುವ 75,000 ರೂಪಾಯಿಯ ಸಾಮಾನ್ಯ ಬಿಟ್ಟಿ ಮಿತಿ ಅವರದ್ದು ಪೂರ್ತಿ ಉಳಿದಿದೆ, ಅದನ್ನು ಒಡವೆಗೇ ಹಿಡಿದರು ಎಂದುಕೊಂಡರೂ 1,25,125. ಅದೇ 5 ಪವನ್ ನಿಮ್ಮ ಕೈಯಲ್ಲೇ ಇದ್ದರೆ 24,000. ಹಂಚಿದ್ದಕ್ಕೆ ಲಕ್ಷದ ಮೇಲೆ ದಂಡ ತೆತ್ತಂತೆ. ಹಿರಿಯರ ಮೈಮೇಲಿದ್ದರೆ ಕೇಳುವುದಿಲ್ಲ ಎಂಬ ನಂಬಿಕೆ ಕರಾವಳಿಯಲ್ಲಿ ಬಹಳ ಗಟ್ಟಿ. ಕೇಳುತ್ತಾರೆ. ಕೇಳಿದಾಗ ಉತ್ತರ ಕೊಡಬೇಕಾದವರು ಆ ಹಿರಿಯರೇ.

ಗಂಡನಿಗೆ ಹಂಚಿದರೆ ನಷ್ಟವಿಲ್ಲ, ಲಾಭವೂ ಇಲ್ಲ. ಅವರಿಗೂ 6 ಶೇಕಡಾ ಸಿಗುತ್ತದೆ. ಆದರೆ 20 ಗ್ರಾಂ ಬಿಟ್ಟಿ ಮಿತಿಯನ್ನು ಅವರ ವಿಷಯದಲ್ಲಿ ನೆಚ್ಚಿಕೊಳ್ಳಬೇಡಿ. ಅದಕ್ಕೆ ಬೇಕಾದ್ದು ವರ್ಷಕ್ಕಿಂತ ಹೆಚ್ಚಿನ ವಾಸ, ಅವರು ಊರಿಗೆ ಬಂದು ಹೋಗಿ ವರ್ಷವಾಗಿಲ್ಲ. ಮೂವತ್ತು ದಿನದ ಸಣ್ಣ ಭೇಟಿಯ ಸಡಿಲಿಕೆ ಬರೆದಿರುವುದು ಆರು ತಿಂಗಳ ನಿಯಮದಲ್ಲಿ. ಅದನ್ನು ಒಯ್ದು ವರ್ಷದ ನಿಯಮಕ್ಕೆ ಅಂಟಿಸಿ ವಾದಿಸಲು ಹೋದವರು ಕೌಂಟರ್‌ನಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರೆ.

ಬಿಸ್ಕೆಟ್ ಗಂಡನ ಬಳಿ ಇರಲಿ ಎಂದೆ. 100 ಗ್ರಾಂಗೆ 10 ಲಕ್ಷದ ಮೇಲೆ 60,000. ನೀವು ತಂದರೂ ಅಷ್ಟೇ ಬೀಳುತ್ತದೆ, ಅವರ ಬಳಿ ಇದ್ದರೆ ನಿಮ್ಮ ಕೌಂಟರ್‌ನ ಲೆಕ್ಕ ಸರಳವಾಗುತ್ತದೆ, ಅಷ್ಟೇ. ಅದೇ ಬಿಸ್ಕೆಟ್ ಅತ್ತೆಯ ಪರ್ಸ್‌ನಲ್ಲಿ ಸಿಕ್ಕರೆ 3,85,000. ಕೊಳ್ಳುವಾಗ ಮೇಲೆ ತಯಾರಕರ ಸೀರಿಯಲ್ ನಂಬರ್ ಮತ್ತು ಗ್ರಾಂ ತೂಕ ಕೊರೆದಿರುವ, ಸೀಲ್ ಒಡೆಯದ ಬಿಸ್ಕೆಟ್ಟನ್ನೇ ಕೊಳ್ಳಿ. ಬಿಲ್ಲಿನಲ್ಲಿ ಅದೇ ನಂಬರ್, ತರುವವರದೇ ಹೆಸರು ಇರಲಿ.

ಕಲ್ಲಿನ ನೆಕ್ಲೆಸ್ ಬಗ್ಗೆ ನೀವು ಆವರಣದೊಳಗೆ ಬರೆದು ಮುಂದೆ ಹೋಗಿದ್ದೀರಿ, ಆದರೆ ನಿಮ್ಮ ಇಡೀ ಗಂಟಿನಲ್ಲಿ ತೊಡಕಿನ ಒಡವೆ ಅದೊಂದೇ. ಆರು ತಿಂಗಳ ರಿಯಾಯಿತಿ ದರ ಸಾದಾ ಚಿನ್ನಕ್ಕೆ. ಹರಳು, ಮುತ್ತು ಕೂರಿಸಿದ ಒಡವೆಯನ್ನು ಅದರಿಂದ ಹೊರಗಿಟ್ಟಿದ್ದಾರೆ. ಅಂದರೆ ಆ 3 ಪವನ್ ನೆಕ್ಲೆಸ್ 6 ಶೇಕಡಾದ ಸಾಲಿನಲ್ಲಿ ನಿಲ್ಲುವುದಿಲ್ಲ. 38.5ಕ್ಕೆ ಹೋದರೆ ಚಿನ್ನದ ಬೆಲೆಗೇ 92,400 ಆಯಿತು, ಕಲ್ಲಿನ ಬೆಲೆ ಬೇರೆ. ದಾರಿ ಇದೆ: ನಿಮ್ಮ 40 ಗ್ರಾಂ ಬಿಟ್ಟಿ ಮಿತಿಯೊಳಗೆ ಮೊದಲು ನೆಕ್ಲೆಸ್ಸನ್ನೇ ಹಾಕಿಸಿ. 24 ಗ್ರಾಂ ಅಲ್ಲಿ ಹೋಯಿತು, ಉಳಿದ 16 ಗ್ರಾಂಗೆ ಎರಡು ಸಾದಾ ಬಳೆ. ಮಿಕ್ಕ 120 ಗ್ರಾಂ ಎಲ್ಲಾ ಸಾದಾ ಚಿನ್ನ, 6 ಶೇಕಡಾ. ಇದನ್ನು ನೀವೇ ಬಾಯಿಬಿಟ್ಟು ಹೇಳಬೇಕು, ಡಿಕ್ಲರೇಶನ್‌ನಲ್ಲಿ ಹಾಗೇ ವಿಂಗಡಿಸಿ ಬರೆಯಬೇಕು. ತಟ್ಟೆಗೆ ಒಟ್ಟಿಗೆ ಸುರಿದರೆ ತೂಕದ ಯಂತ್ರದ ಮುಂದಿರುವವರು ನಿಮ್ಮ ಪರವಾಗಿ ಅದನ್ನು ಆಯ್ದು ಕೂರುವುದಿಲ್ಲ. ಇನ್ನೂ ಕೊಂಡಿಲ್ಲ ಎಂದಾದರೆ ಕಲ್ಲಿನ ಸೆಟ್‌ಗಳನ್ನು ಉಡುಪಿಯಲ್ಲೇ ಮಾಡಿಸುವುದು ವಾಸಿ.

ಹಾಗೆ ನೋಡಿದರೆ ಉಳಿದ ಒಡವೆಯನ್ನೂ ಅಲ್ಲಿಂದಲೇ ತರಬೇಕೇ ಎಂದು ಒಮ್ಮೆ ಕೂತು ಲೆಕ್ಕ ಹಾಕಿ. ಯುಎಇಯಲ್ಲಿ ಒಡವೆಗೆ 5 ಶೇಕಡಾ ವ್ಯಾಟ್ ಇದೆ. ಬಿಟ್ಟಿ ಮಿತಿ ಮೀರಿದ ಒಡವೆಗೆ ಇಲ್ಲಿ 6 ಡ್ಯೂಟಿ. ಸೇರಿದರೆ 11. ಉಡುಪಿಯ ಅಂಗಡಿಯ ಬೆಲೆಯೊಳಗೆ ಅದೇ 6 ಶೇಕಡಾ ಆಮದು ಸುಂಕ ಅಡಗಿದೆ, ಮೇಲೆ 3 ಶೇಕಡಾ ಜಿಎಸ್‌ಟಿ. ಸೇರಿದರೆ 9 ಚಿಲ್ಲರೆ. ಹಾಗಾಗಿ ಮೊದಲ 5 ಪವನ್‌ಗೆ ಲಾಭ ನಿಜ, ಉಳಿದ 15 ಪವನ್‌ಗೆ ಮಜೂರಿಯಲ್ಲಿ ದೊಡ್ಡ ವ್ಯತ್ಯಾಸ ಇದ್ದರೆ ಮಾತ್ರ ಲಾಭ. 15 ಶೇಕಡಾ ಸುಂಕ ಇದ್ದಾಗ ಊರಿನ ಬೆಲೆಗೂ ಅಲ್ಲಿನ ಬೆಲೆಗೂ ಬೀಳುವ ಅಂತರ 6ರ ದರದಲ್ಲಿ ಬೀಳುವುದಿಲ್ಲ, ಆದರೆ ‘ದುಬೈ ಚಿನ್ನ ಅಗ್ಗ’ ಎಂಬ ಮಾತು ಉಳಿದುಕೊಂಡಿದೆ. ಬಿಸ್ಕೆಟ್‌ನ ಕತೆ ಬೇರೆ: 99 ಶೇಕಡಾ ಅಥವಾ ಅದಕ್ಕಿಂತ ಶುದ್ಧ ಹೂಡಿಕೆ ಚಿನ್ನಕ್ಕೆ ಅಲ್ಲಿ ವ್ಯಾಟ್ ಸೊನ್ನೆ. 6 ಕಟ್ಟಿ ತಂದರೂ ಇಲ್ಲಿಗಿಂತ ಸುಮಾರು 3 ಶೇಕಡಾ ಉಳಿಯುತ್ತದೆ. ಪ್ರವಾಸಿಗರಿಗೆ ಸಿಗುವ ವ್ಯಾಟ್ ವಾಪಸಾತಿ ಅಲ್ಲಿನ ನಿವಾಸಿಗಳಾದ ನಿಮಗೆ ಸಿಗುವುದಿಲ್ಲ. ಅದಕ್ಕಾಗಿ ಅತ್ತೆಯ ಹೆಸರಿನಲ್ಲಿ ಬಿಲ್ ಮಾಡಿಸುವ ಉಪಾಯ ಕೆಲವರು ಹೇಳಿಕೊಡುತ್ತಾರೆ. ಹಾಗೆ ಮಾಡಿದರೆ ಚಿನ್ನ ಅವರದ್ದಾಗುತ್ತದೆ, 5 ಉಳಿಸಲು ಹೋಗಿ 38.5ಕ್ಕೆ ಕುತ್ತಿಗೆ ಕೊಟ್ಟ ಹಾಗೆ.

ಹಳೆಯ ಕರಿಮಣಿ, ಬಳೆಗಳ ವಿಷಯ. ಊರಿನಿಂದ ಒಯ್ದದ್ದನ್ನೇ ವಾಪಸ್ ತಂದರೆ ಸುಂಕವಿಲ್ಲ. ಆದರೆ ಅದು ಊರಿನದ್ದೇ ಎಂದು ತೋರಿಸುವ ಹೊಣೆ ನಿಮ್ಮದು. ಸರಿಯಾದ ದಾರಿ ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನಿಂದ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳುವುದು. ಒಡವೆ, ಬಿಲ್ ಅಥವಾ ಚಿನಿವಾರರ ತೂಕದ ಚೀಟಿ ತೋರಿಸಿದರೆ ವಿವರ ಬರೆದು ಮುದ್ರೆ ಹಾಕಿ ಕೊಡುತ್ತಾರೆ. ನಮ್ಮ ಕಡೆ ನೂರರಲ್ಲಿ ಒಬ್ಬರೂ ಇದನ್ನು ಮಾಡಿಸುವುದಿಲ್ಲ, ನೀವೂ ಮಾಡಿಸಿಲ್ಲ ಎಂದು ಪ್ರಶ್ನೆಯಿಂದಲೇ ತಿಳಿಯುತ್ತದೆ. ಹಾಗಿದ್ದರೆ ಈಗ ಕೈಯಲ್ಲಿರುವ ಸಾಕ್ಷಿ ಒಟ್ಟು ಮಾಡಿ. ಮೊದಲು ಬಳೆಯ ಒಳಮೈಯನ್ನು ಭೂತಗನ್ನಡಿಯಲ್ಲಿ ನೋಡಿ. ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೊದ) ತ್ರಿಕೋನ ಗುರುತು, 22ಕೆ916, ಅದರ ಪಕ್ಕ ಅಕ್ಷರ ಮತ್ತು ಅಂಕಿ ಸೇರಿದ ಆರು ಸ್ಥಾನದ ಒಂದು ಸಂಖ್ಯೆ ಇದೆಯೇ? ಅದು ಎಚ್‌ಯುಐಡಿ, ಆ ಒಡವೆಗೆ ಮಾತ್ರ ಇರುವ ಗುರುತಿನ ಸಂಖ್ಯೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯನ್ನು ಇದಿಲ್ಲದೆ ಮಾರುವಂತಿಲ್ಲ. ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಆ ಆರು ಅಕ್ಷರ ಹೊಡೆದರೆ ಹಾಲ್‌ಮಾರ್ಕ್ ಮಾಡಿದ ಕೇಂದ್ರ, ಒಡವೆಯ ಬಗೆ, ಶುದ್ಧತೆ ತೆರೆಯ ಮೇಲೆ ಬರುತ್ತದೆ. ದುಬೈಯಲ್ಲಿ ಮಾಡಿದ ಬಳೆಗೆ ಇದು ಇರುವುದಿಲ್ಲ. ಭಾರತದ ಚಿನ್ನ ಎನ್ನಲು ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ. ಆ ಪುಟದ ಚಿತ್ರ ಫೋನ್‌ನಲ್ಲಿ ಉಳಿಸಿಕೊಳ್ಳಿ.

ಕರಿಮಣಿ ಇನ್ನೂ ಹಳೆಯದು, ಅಜ್ಜಿ ಕೊಟ್ಟದ್ದು, ಹಾಲ್‌ಮಾರ್ಕ್ ಇಲ್ಲ ಎಂದಾದರೆ ಮದುವೆಯ ಫೋಟೋ, ಊರಿನಿಂದ ಹೊರಟ ದಿನದ ಫೋಟೋ, ಹಳೆಯ ಬಿಲ್ ಸಹಾಯಕ್ಕೆ ಬರುತ್ತವೆ. ಮೈಮೇಲೆ ನಿತ್ಯ ಧರಿಸುವ ಹಳೆಯ ಒಡವೆಯನ್ನು ಹೊಸದಾಗಿ ಕೊಂಡು ತಂದ ಚಿನ್ನದಂತೆ ನೋಡಬಾರದು ಎಂದು ದೆಹಲಿ ಹೈಕೋರ್ಟ್ ಇತ್ತೀಚಿನ ಹಲವು ಪ್ರಕರಣಗಳಲ್ಲಿ ಹೇಳಿದೆ. ಆದರೆ ಕೋರ್ಟಿನವರೆಗೆ ಹೋಗಬೇಕಾದ ಸ್ಥಿತಿ ಬಾರದಂತೆ ನೋಡಿಕೊಳ್ಳುವುದು ಮೇಲು. ಹಳೆಯದನ್ನು ಹೊಸದರ ಜೊತೆ ಒಂದೇ ಡಬ್ಬಿಯಲ್ಲಿ ಹಾಕಬೇಡಿ. ಅತ್ತೆಯೂ ತಮ್ಮ ಹಳೆಯ ಬಳೆಗಳನ್ನಷ್ಟೇ ಹಾಕಿಕೊಂಡು ಬರಲಿ.

ಇನ್ನು ಬಜ್ಪೆಯಲ್ಲಿ ಇಳಿದ ಮೇಲಿನ ಕೆಲಸ. ಅದಕ್ಕೂ ಮೊದಲು ಅತಿಥಿ ಎಂಬ ಕಸ್ಟಮ್ಸ್ ಆ್ಯಪ್‌ನಲ್ಲಿ ವಿವರ ತುಂಬಿಸಿಟ್ಟುಕೊಳ್ಳಬಹುದು. ಚಿನ್ನವನ್ನು ಚೆಕ್‌ಇನ್ ಪೆಟ್ಟಿಗೆಗೆ ಹಾಕಬೇಡಿ, ಕೈಚೀಲದಲ್ಲೇ ಇರಲಿ. ಒಂದು ಹಾಳೆಯಲ್ಲಿ ನೀವೇ ಪಟ್ಟಿ ಮಾಡಿ: ಒಡವೆಯ ಹೆಸರು, ಗ್ರಾಂ, ಕ್ಯಾರಟ್, ಬಿಲ್ ನಂಬರ್. ಪವನ್‌ನಲ್ಲಿ ಬರೆಯಬೇಡಿ, ಅಲ್ಲಿ ಎಲ್ಲವೂ ಗ್ರಾಂ. ಇಮಿಗ್ರೇಶನ್ ಮುಗಿಸಿ ಪೆಟ್ಟಿಗೆ ತೆಗೆದುಕೊಂಡು ಹೊರಡುವ ಮೊದಲೇ ರೆಡ್ ಚಾನೆಲ್ ಕೌಂಟರ್‌ಗೆ ಹೋಗಿ. ‘ಬಂಗಾರ ಇದೆ, ಡ್ಯೂಟಿ ಕಟ್ಟಬೇಕು’ ಎಂದಷ್ಟು ಹೇಳಿದರೆ ಸಾಕು. ಗ್ರೀನ್ ಚಾನೆಲ್ ಕಡೆ ಹೆಜ್ಜೆ ಇಟ್ಟು, ಯಾರಾದರೂ ತಡೆದ ಮೇಲೆ ‘ಹೇಳಬೇಕೆಂದೇ ಇದ್ದೆ’ ಎಂದರೆ ಅದು ಡಿಕ್ಲರೇಶನ್ ಆಗುವುದಿಲ್ಲ. ಸುಂಕದ ಸರಕಿನೊಂದಿಗೆ ಆ ಗೆರೆ ದಾಟಿದ್ದೇ ತಪ್ಪು.

ಎಷ್ಟು ಕಾಲ ಹೊರಗಿದ್ದಿರಿ ಎಂಬುದಕ್ಕೆ ಪಾಸ್‌ಪೋರ್ಟಿನ ಮುದ್ರೆಗಳೇ ಮೊದಲ ಸಾಕ್ಷಿ. ಈಗ ಇ-ಗೇಟ್‌ಗಳಲ್ಲಿ ಹೋಗಿ ಬರುವವರ ಪಾಸ್‌ಪೋರ್ಟ್‌ನಲ್ಲಿ ಮುದ್ರೆ ಇರುವುದಿಲ್ಲ. ಹಾಗಾಗಿ ಹಳೆಯ ಬೋರ್ಡಿಂಗ್ ಪಾಸ್, ಟಿಕೆಟ್, ಎಮಿರೇಟ್ಸ್ ಐಡಿ ಜೊತೆಗಿಟ್ಟುಕೊಳ್ಳಿ. ಯುಎಇ ಇಮಿಗ್ರೇಶನ್‌ನಿಂದ ಪ್ರವೇಶ ಮತ್ತು ನಿರ್ಗಮನದ ವರದಿ ತೆಗೆಸಿಕೊಂಡರೆ ವಾದವೇ ಏಳುವುದಿಲ್ಲ.

ತೂಕ ಮತ್ತು ಶುದ್ಧತೆ ನೋಡುವಾಗ ಎದುರಿಗೇ ನಿಂತುಕೊಳ್ಳಿ. ಬಂದ ಸಂಖ್ಯೆಯನ್ನು ನಿಮ್ಮ ಪಟ್ಟಿಗೆ ತಾಳೆ ಹಾಕಿ. ಹಣದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ: ರಿಯಾಯಿತಿ ದರದ ಸುಂಕವನ್ನು ಪರಿವರ್ತನೀಯ ವಿದೇಶಿ ಕರೆನ್ಸಿಯಲ್ಲಿ ಕಟ್ಟಬೇಕೆಂಬುದು ನಿಯಮದ ಷರತ್ತು. ದಿರ್ಹಂ ಎಲ್ಲಾ ಅಲ್ಲೇ ರೂಪಾಯಿ ಮಾಡಿಸಿಕೊಂಡು ಬಂದವರು ಇಲ್ಲಿ ತಬ್ಬಿಬ್ಬಾಗುತ್ತಾರೆ. ಬೀಳಬಹುದಾದ ಡ್ಯೂಟಿ ಅಂದಾಜು ಮಾಡಿ, ಅದರ ಮೇಲೆ ಹತ್ತು ಶೇಕಡಾ ಹೆಚ್ಚು ದಿರ್ಹಂ ನೋಟು ಇಟ್ಟುಕೊಳ್ಳಿ. ಒಟ್ಟು ವಿದೇಶಿ ನೋಟು 5,000 ಡಾಲರ್ ಮೌಲ್ಯ ಮೀರಿದರೆ ಅದನ್ನೂ ಘೋಷಿಸಬೇಕು, ನಿಮ್ಮ ಮೊತ್ತ ಅದರ ಹತ್ತಿರವೂ ಬರುವುದಿಲ್ಲ. ಕಟ್ಟಿದ ಮೇಲೆ ಬ್ಯಾಗೇಜ್ ರಶೀದಿ ಕೊಡುತ್ತಾರೆ. ಮುಂದೆ ಇದೇ ಒಡವೆ ಹಾಕಿ ಹೊರಡುವಾಗ, ಮಾರುವಾಗ, ಬ್ಯಾಂಕಿನಲ್ಲಿ ಅಡವಿಡುವಾಗ ಅದೇ ಆಧಾರ. ಲಾಕರ್‌ನಲ್ಲಿ ಒಡವೆಯ ಜೊತೆಗೇ ಇಡಿ.

ನಿಮ್ಮ ಗಂಡನ ವಿಷಯದಲ್ಲಿ ಒಂದು ಎಚ್ಚರಿಕೆ. ಮುಂಬೈಯಲ್ಲಿ ಇಳಿದು ಅಲ್ಲಿಂದ ದೇಶೀಯ ವಿಮಾನ ಹತ್ತಿದರೆ ಅವರ ಕಸ್ಟಮ್ಸ್ ಮುಗಿಯಬೇಕಾದ್ದು ಮುಂಬೈಯಲ್ಲಿ, ಬಜ್ಪೆಯಲ್ಲಲ್ಲ. ಮಂಗಳೂರಿಗೆ ಬಂದು ಕಟ್ಟುತ್ತೇನೆ ಎಂದರೆ ಹೊತ್ತು ಮೀರಿರುತ್ತದೆ. ಬಿಸ್ಕೆಟ್ ಬರೆಸಿ, ತೂಗಿಸಿ, ಹಣ ಕಟ್ಟಿ, ಪೆಟ್ಟಿಗೆ ಮತ್ತೆ ಚೆಕ್‌ಇನ್ ಮಾಡಲು ಎರಡು ವಿಮಾನಗಳ ನಡುವೆ ನಾಲ್ಕು ಗಂಟೆಯಾದರೂ ಇರಲಿ. ಎರಡು ಗಂಟೆಯ ಅಂತರದ ಟಿಕೆಟ್ ಆಗಿದ್ದರೆ ಬಿಸ್ಕೆಟ್ ನೀವೇ ತನ್ನಿ. ಒಂದು ಕಿಲೋದೊಳಗೆ ಧಾರಾಳವಾಗಿ ಇದ್ದೀರಿ.

ಕೌಂಟರ್‌ನಲ್ಲಿ ಏನೋ ತಕರಾರು ಬಂತು, ದಿನ ಸಾಲದು ಎಂದರು, ಅಥವಾ ಅಷ್ಟು ಹಣ ಕೈಯಲ್ಲಿಲ್ಲ ಎಂದಿಟ್ಟುಕೊಳ್ಳಿ. ನಿಜ ಹೇಳಿ ಘೋಷಿಸಿದವರಿಗೆ ಕಸ್ಟಮ್ಸ್ ಕಾಯ್ದೆಯ 80ನೇ ಕಲಮಿನಲ್ಲಿ ದಾರಿ ಇದೆ. ಸರಕನ್ನು ಅವರ ಬಳಿ ಇಟ್ಟು ಡಿಟೆನ್ಶನ್ ರಶೀದಿ ಪಡೆದು, ವಾಪಸ್ ಹೋಗುವಾಗ ಅದನ್ನು ತೆಗೆದುಕೊಂಡು ಹೋಗಬಹುದು. ರಶೀದಿಯಲ್ಲಿ ‘ಹಳದಿ ಲೋಹದ ಬಳೆ’ ಎಂದಷ್ಟೇ ಇದ್ದರೆ ಸಾಲದು. ಎಷ್ಟು ಬಳೆ, ಎಷ್ಟು ಗ್ರಾಂ, ಎಷ್ಟು ಶುದ್ಧ, ಬಿಸ್ಕೆಟ್ ಆದರೆ ಅದರ ನಂಬರ್, ಎಲ್ಲ ಬರೆಸಿಕೊಳ್ಳಿ.

ಘೋಷಿಸದೆ ಸಿಕ್ಕಿಬಿದ್ದರೆ ದಾರಿ ಪೂರ್ತಿ ಬೇರೆ. ಜಪ್ತಿ, ಮಹಜರು, 108ನೇ ಕಲಮಿನಡಿ ಹೇಳಿಕೆ, ಆಮೇಲೆ ಮುಟ್ಟುಗೋಲಿನ ಪ್ರಕ್ರಿಯೆ. ಷರತ್ತು ಪಾಲಿಸದೆ ತಂದ ಚಿನ್ನವನ್ನು ನಿಷೇಧಿತ ಸರಕು ಎಂದು ಪರಿಗಣಿಸಲು ಅವಕಾಶವಿದೆ. ಹಾಗಾದಾಗ ದಂಡ ಕಟ್ಟಿಸಿಕೊಂಡು ಬಿಡುವುದು, ಬಿಡದಿರುವುದು ಅಧಿಕಾರಿಯ ವಿವೇಚನೆ. ಬಿಟ್ಟರೂ ಡ್ಯೂಟಿ, ಬಿಡುಗಡೆಯ ದಂಡ, ವೈಯಕ್ತಿಕ ದಂಡ ಮೂರೂ ಸೇರಿ ಬೀಳುತ್ತದೆ. ಬ್ಯಾಗೇಜ್‌ನಲ್ಲಿ ಸಿಕ್ಕ ಮಾಲಿನ ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬಂಧನ ಮತ್ತು ಮೊಕದ್ದಮೆಯ ಮಾತು ಬರುತ್ತದೆ. 2022ರಲ್ಲಿ ಇಲಾಖೆ ಹಾಕಿಕೊಂಡ ಮಿತಿ ಇದು. ಇದಕ್ಕಿಂತ ಕಡಿಮೆ ಇದ್ದರೆ ಚಿನ್ನ ವಾಪಸ್ ಬರುತ್ತದೆ ಎಂದು ಅರ್ಥವಲ್ಲ, ಜೈಲಿನ ಮಾತು ದೂರವಾಗುತ್ತದೆ ಅಷ್ಟೇ. 72,000 ಕಟ್ಟಿ ಮುಗಿಯಬೇಕಾದ ವಿಷಯಕ್ಕೆ ಮದುವೆಯ ಒಡವೆಯನ್ನೇ ಪಣಕ್ಕಿಡುವುದು ಯಾವ ಲೆಕ್ಕ ಎಂದು ನಿಮ್ಮ ಪರಿಚಯದವರನ್ನು ಕೇಳಿ.

ಹಾಗೇನಾದರೂ ಆದರೆ ಓದದೆ ಸಹಿ ಹಾಕಬೇಡಿ. ಹೇಳಿಕೆಯನ್ನು ಕನ್ನಡದಲ್ಲೇ ಕೊಡುತ್ತೇನೆ ಎನ್ನಬಹುದು. ‘ಶೋಕಾಸ್ ನೋಟಿಸ್ (ಕಾರಣ ಕೇಳುವ ನೋಟಿಸ್) ಬೇಡ’ ಎಂದು ಮೊದಲೇ ಅಚ್ಚು ಹಾಕಿದ ಕಾಗದ ಮುಂದೆ ಬಂದರೆ ಅದಕ್ಕೆ ಸಹಿ ಹಾಕಲೇಬೇಕೆಂದಿಲ್ಲ, ಇಂಥ ಅಚ್ಚು ಕಾಗದಗಳನ್ನು ದೆಹಲಿ ಹೈಕೋರ್ಟ್ ಒಪ್ಪಿಲ್ಲ. ಜಪ್ತಿಯಾದ ಆರು ತಿಂಗಳೊಳಗೆ ನೋಟಿಸ್ ಕೊಡಬೇಕು, ಕಾರಣ ಬರೆದು ಇನ್ನಾರು ತಿಂಗಳು ವಿಸ್ತರಿಸಬಹುದು. ಆದೇಶ ವಿರುದ್ಧ ಬಂದರೆ 60 ದಿನದೊಳಗೆ ಕಮಿಷನರ್ (ಅಪೀಲ್ಸ್) ಬಳಿ, ಅಲ್ಲೂ ಆಗದಿದ್ದರೆ ಮೂರು ತಿಂಗಳೊಳಗೆ ಕೇಂದ್ರ ಸರ್ಕಾರಕ್ಕೆ ರಿವಿಶನ್ ಅರ್ಜಿ. ಬ್ಯಾಗೇಜ್ ಪ್ರಕರಣ ಕಸ್ಟಮ್ಸ್ ಟ್ರಿಬ್ಯೂನಲ್‌ಗೆ ಹೋಗುವುದಿಲ್ಲ. ತಿಳಿಯದೆ ಅಲ್ಲಿ ಅರ್ಜಿ ಹಾಕಿ ದಿನ ಕಳೆದುಕೊಳ್ಳುವವರಿದ್ದಾರೆ.

ನೀವು ಕೇಳದಿದ್ದರೂ ಹೇಳಬೇಕಾದ ಮಾತೊಂದಿದೆ. ಹೊರಡುವ ಹಿಂದಿನ ದಿನ ‘ಊರಿಗೆ ಹೋಗ್ತೀರಲ್ಲ, ಇದೊಂದು ಕಟ್ಟು ನಮ್ಮ ಭಾವನಿಗೆ ಕೊಟ್ಟುಬಿಡಿ, ಹೊರಗೆ ಬಂದು ಕಾಯ್ತಾರೆ’ ಎಂದು ಯಾರಾದರೂ ಬಂದೇ ಬರುತ್ತಾರೆ. ಪೇಸ್ಟ್ ಮಾಡಿದ ಚಿನ್ನ ಎಮರ್ಜೆನ್ಸಿ ದೀಪ, ಮಿಕ್ಸಿ, ಚಪ್ಪಲಿಯ ಅಟ್ಟೆ ಎಲ್ಲದರೊಳಗೂ ಸಿಕ್ಕಿದೆ. ಬಿಚ್ಚಿ ನೋಡಲಾಗದ ಕಟ್ಟನ್ನು ಮುಖ ಕೆಟ್ಟರೂ ಪರವಾಗಿಲ್ಲ, ತರಬೇಡಿ. ನಿಮ್ಮ ಹೆಸರಿನ ಪೆಟ್ಟಿಗೆಯಲ್ಲಿ ಸಿಕ್ಕದ್ದು ನಿಮ್ಮದೇ.

ಫೋನ್ ಮತ್ತು ಟಿವಿ ಬೇಗ ಮುಗಿಸುತ್ತೇನೆ. ಹೊಸ ನಿಯಮದಲ್ಲಿ ಒಬ್ಬೊಬ್ಬರಿಗೆ 75,000 ರೂಪಾಯಿಯವರೆಗಿನ ಸಾಮಾನು ಬಿಟ್ಟಿ, ಮೊದಲು 50,000 ಇತ್ತು. ನೀವು ಬಳಸುತ್ತಿರುವ ಫೋನ್, 18 ತುಂಬಿದವರ ಒಂದು ಲ್ಯಾಪ್‌ಟಾಪ್ ಇದರ ಹೊರಗೆ. ಮದುಮಗನ ಹೊಸ ಫೋನ್, ಸೆಂಟು ಬಾಟ್ಲಿಗಳು, ಪಿಸ್ತಾ, ಖರ್ಜೂರ ಎಲ್ಲ ಇದರೊಳಗೆ. ಫೋನ್ 1,20,000ದ್ದಾದರೆ ಮಿತಿ ಮೀರಿದ 45,000ಕ್ಕೆ 38.5ರಂತೆ 17,325. ನಿಮ್ಮ 75,000 ಮತ್ತು ಅತ್ತೆಯ 75,000 ಕೂಡಿಸಿ ಒಂದೇ ಫೋನ್‌ಗೆ ಹಿಡಿಯಿರಿ ಎಂದರೆ ನಡೆಯುವುದಿಲ್ಲ. ಆದರೆ ಸೆಂಟು, ಡ್ರೈಫ್ರೂಟ್ಸ್ ಅತ್ತೆಯ ಪೆಟ್ಟಿಗೆಗೆ ಹೋಗಲಿ, ಫೋನ್ ನಿಮ್ಮದರಲ್ಲಿ ಇರಲಿ. ಅವರು ತರಬೇಕಾದ್ದು ಇಂಥದ್ದನ್ನೇ. ಸಿಗರೇಟು 100, ಮದ್ಯ 2 ಲೀಟರ್ ದಾಟಬಾರದು. ಇ-ಸಿಗರೇಟ್ 2019ರಿಂದ ನಿಷೇಧ, ಒಂದೂ ತರಬೇಡಿ.

ಟಿವಿಗೆ ಈ 75,000 ಅನ್ವಯಿಸುವುದೇ ಇಲ್ಲ. 2013ರ ಆಗಸ್ಟ್‌ನಿಂದ ಫ್ಲ್ಯಾಟ್ ಟಿವಿಯನ್ನು ಬಿಟ್ಟಿ ಮಿತಿಯಿಂದ ತೆಗೆದುಹಾಕಿದ್ದಾರೆ, ಪೂರ್ತಿ ಬೆಲೆಗೆ 38.5. 40,000ದ ಟಿವಿಗೆ 15,400 ಡ್ಯೂಟಿ, ಮೇಲೆ ವಿಮಾನದ ಲಗೇಜ್ ಶುಲ್ಕ, ಗಾಜು ಒಡೆಯುವ ಭಯ. ಇಲ್ಲಿಗೆ ಬಂದ ಮೇಲೆ ವಾರಂಟಿ ಸಿಗುತ್ತದೆಯೇ ಎಂದು ಬೇರೆ ವಿಚಾರಿಸಬೇಕು. ಅದೇ ದುಡ್ಡಿಗೆ ಉಡುಪಿಯ ಅಂಗಡಿಯವರು ಮನೆಗೆ ತಂದು ಗೋಡೆಗೆ ಕೂರಿಸಿ ಹೋಗುತ್ತಾರೆ.